ಜರ್ಮನ್ ಕಾರಿನ ಒಡೆತನ: ಕೊಳ್ಳುವ ಬೆಲೆ ಒಂದು, ಸಾಕುವ ಬೆಲೆ ಮತ್ತೊಂದು

ವ್ಯಾಪಾರ-ಕೈಗಾರಿಕಾ ವಲಯದಲ್ಲಿ ಜರ್ಮನ್ ಕಾರಿಗಿರುವ ಗೌರವ ಸರ್ವವಿದಿತ. ಒಂದು ಕಾಲದಲ್ಲಿ ಅದು ದೊಡ್ಡ ಉದ್ಯಮಪತಿಗಳ ಮನೆಯಂಗಳಕ್ಕಷ್ಟೇ ಸೀಮಿತವಾಗಿತ್ತು. ಇಂದು ಪರಿಸ್ಥಿತಿ ಬದಲಾಗಿದೆ. ಎಂಟು-ಹತ್ತು ವರ್ಷ ಓಡಿರುವ ಮರ್ಸಿಡಿಸ್, ಬಿ.ಎಂ.ಡಬ್ಲ್ಯು. ಅಥವಾ ಆಡಿ ಕಾರು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಮಧ್ಯಮ ದರ್ಜೆಯ ಹೊಸ ಕಾರಿನ ಬೆಲೆಗೆ ದೊರೆಯುತ್ತಿದೆ. ಸಣ್ಣ ಕಾರ್ಖಾನೆಯ ಮಾಲೀಕರಿಗೂ, ಸಗಟು ವರ್ತಕರಿಗೂ ಈ ಬೆಲೆ ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಖರೀದಿಯಾದ ಒಂದೆರಡು ವರ್ಷಗಳಲ್ಲೇ ಅಂತಹ ಕಾರು ಬಿಳಿಯಾನೆಯಾಗಿ ಪರಿಣಮಿಸಿ, ವ್ಯವಹಾರದ ದುಡಿಯುವ ಬಂಡವಾಳಕ್ಕೇ ಕೈಹಾಕುವ ಪ್ರಸಂಗಗಳೂ ಅಪರೂಪವಲ್ಲ.

ಇದಕ್ಕೆ ಕಾರಣ ಸರಳವಾದುದು. ಕಾಲ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಅರವತ್ತು ಲಕ್ಷ ರೂಪಾಯಿಗೆ ಮಾರಾಟವಾಗಿದ್ದ ಕಾರನ್ನು ಹತ್ತು ಲಕ್ಷಕ್ಕೆ ಕೊಂಡವರು ಹತ್ತು ಲಕ್ಷದ ಕಾರಿನ ಒಡೆಯರಾಗುತ್ತಾರೆಯೇ ಹೊರತು, ಹತ್ತು ಲಕ್ಷದ ಕಾರಿನ ದುರಸ್ತಿ ವೆಚ್ಚಕ್ಕೆ ಅರ್ಹರಾಗುವುದಿಲ್ಲ. ಅವರು ಭರಿಸಬೇಕಾದುದು ಅರವತ್ತು ಲಕ್ಷದ ಕಾರಿನ ನಿರ್ವಹಣೆಯನ್ನೇ. ಈ ವ್ಯತ್ಯಾಸವನ್ನು ಮೊದಲೇ ಅರಿತು ಲೆಕ್ಕ ಹಾಕಿದವರಿಗೆ ಜರ್ಮನ್ ಕಾರು ಬಹುಕಾಲ ಬಾಳುವ ಉತ್ತಮ ಸ್ವತ್ತು. ಅರಿಯದವರಿಗೆ ಅದೊಂದು ತೀರದ ಸಾಲ. ಹಳೆಯ ಹಾಗೂ ಆಧುನಿಕ ಜರ್ಮನ್ ಕಾರುಗಳ ಪೋಷಣೆಯನ್ನು ಕುರಿತು ಸದಸ್ಯರಿಗೆ ಉಪಯುಕ್ತವಾಗಬಹುದಾದ ಕೆಲವು ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಹಳೆಯ ತಲೆಮಾರು: ಲೋಹದ ಬಾಳಿಕೆ, ರಬ್ಬರಿನ ಮುಪ್ಪು

ಹಳೆಯ ಜರ್ಮನ್ ಕಾರಿನ ಗುಣಕ್ಕೆ ಮಾದರಿಯಾಗಿ ಸಾಮಾನ್ಯವಾಗಿ ಉಲ್ಲೇಖಿಸಲ್ಪಡುವುದು 1976ರಿಂದ 1986ರವರೆಗೆ ತಯಾರಾದ ಮರ್ಸಿಡಿಸ್ ಡಬ್ಲ್ಯು 123. ಸುಮಾರು 27 ಲಕ್ಷ ಸಂಖ್ಯೆಯಲ್ಲಿ ನಿರ್ಮಾಣಗೊಂಡ ಈ ಕಾರು ಜರ್ಮನಿಯಲ್ಲಿ ಟ್ಯಾಕ್ಸಿಯಾಗಿ ದುಡಿದು ಹೆಸರು ಗಳಿಸಿತು. ಇದರ ಡೀಸೆಲ್ ಎಂಜಿನಿನಲ್ಲಿ ಗಣಕ ನಿಯಂತ್ರಣವಿಲ್ಲ. ಇಂಧನವನ್ನು ಅಳೆದು ಕೊಡುವುದು ಬಾಷ್ ಕಂಪನಿಯ ಯಾಂತ್ರಿಕ ಇಂಜೆಕ್ಷನ್ ಪಂಪ್. ಇಲ್ಲಿ ಕರ್ನಾಟಕದ ನಂಟನ್ನು ನೆನೆಯಬೇಕು. 1951ರಲ್ಲಿ ಸ್ಥಾಪಿತವಾಗಿ, ಬೆಂಗಳೂರಿನಲ್ಲಿ ಬೇರೂರಿ, ಜನರ ಬಾಯಲ್ಲಿ 'ಮೈಕೋ' ಎಂದೇ ನೆಲೆಸಿ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಕಂಪನಿಯ ಪಂಪುಗಳು ದಶಕಗಳ ಕಾಲ ನಮ್ಮ ಲಾರಿ, ಟ್ರ್ಯಾಕ್ಟರುಗಳಲ್ಲಿ ದುಡಿದಿವೆ. ಅವುಗಳನ್ನು ಬಿಚ್ಚಿ, ಸರಿಪಡಿಸಿ, ಕ್ಯಾಲಿಬ್ರೇಷನ್ ಮಾಡುವ ಅನುಭವಿ ಕುಶಲಕರ್ಮಿಗಳು ನಮ್ಮ ಪಟ್ಟಣಗಳಲ್ಲಿ ಇಂದಿಗೂ ಇದ್ದಾರೆ. ಹಳೆಯ ಡೀಸೆಲ್ ಮರ್ಸಿಡಿಸ್ಸಿನ ಒಡೆಯನಿಗೆ ಇದೊಂದು ಅನುಕೂಲ.

ಭಾರತದಲ್ಲಿ ಜರ್ಮನ್ ಕಾರುಗಳ ಜೋಡಣೆ ವ್ಯವಸ್ಥಿತವಾಗಿ ಆರಂಭವಾದದ್ದು 1990ರ ದಶಕದಲ್ಲಿ. ಮರ್ಸಿಡಿಸ್-ಬೆಂಜ್ 1994ರಲ್ಲಿ ಇಲ್ಲಿ ಕಂಪನಿ ಸ್ಥಾಪಿಸಿ, ಮರುವರ್ಷ ಪುಣೆಯಲ್ಲಿ ಡಬ್ಲ್ಯು 124 ಸರಣಿಯ ಇ-ಕ್ಲಾಸ್ ಕಾರನ್ನು ಹೊರತಂದಿತು. ಬಿ.ಎಂ.ಡಬ್ಲ್ಯು. 2007ರಲ್ಲಿ ಚೆನ್ನೈ ಬಳಿ ಜೋಡಣೆ ಆರಂಭಿಸಿತು. ಹೀಗಾಗಿ ನಮ್ಮಲ್ಲಿ ಲಭ್ಯವಿರುವ 'ಹಳೆಯ' ಜರ್ಮನ್ ಕಾರುಗಳಲ್ಲಿ ಹೆಚ್ಚಿನವು ಈ ಮೂರು ದಶಕಗಳವೇ ಆಗಿವೆ.

ಈ ಕಾರುಗಳಲ್ಲಿ ಎಂಜಿನ್, ಗೇರ್ ಬಾಕ್ಸ್, ಅಚ್ಚುಗಳಂತಹ ಲೋಹದ ಭಾಗಗಳು ಬಹಳ ಕಾಲ ಬಾಳುತ್ತವೆ. ಮೊದಲು ಮುಪ್ಪಾಗುವುದು ರಬ್ಬರು, ಪ್ಲಾಸ್ಟಿಕ್ ಹಾಗೂ ವೈರಿನ ಹೊದಿಕೆ. ಎಂಜಿನ್ ಮೌಂಟ್, ಸಸ್ಪೆನ್ಷನ್ ಬುಷ್, ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಕಪ್ಲಿಂಗ್, ಇಂಧನದ ಕೊಳವೆ, ನಿರ್ವಾತದ ಬಲದಿಂದ ಕೆಲಸ ಮಾಡುವ ಬಾಗಿಲ ಬೀಗದ ಕೊಳವೆಗಳು - ಇವೆಲ್ಲ ಕಿಲೋಮೀಟರಿಗಿಂತ ವಯಸ್ಸಿನಿಂದ ಸವೆಯುವಂಥವು. 1990ರ ದಶಕದ ಮೊದಲ ಭಾಗದ ಕೆಲವು ಮರ್ಸಿಡಿಸ್ ಎಂಜಿನ್‌ಗಳಲ್ಲಿ ವೈರಿಂಗಿನ ಹೊದಿಕೆ ಶಾಖಕ್ಕೆ ಪುಡಿಯಾಗಿ ಉದುರುವುದು ಎಲ್ಲೆಡೆ ತಿಳಿದಿರುವ ದೋಷ. ಆ ಕಾಲದ ಹಾಗೂ ಅನಂತರದ ಬಿ.ಎಂ.ಡಬ್ಲ್ಯು. ಕಾರುಗಳಲ್ಲಿ ಕೂಲೆಂಟ್ ತೊಟ್ಟಿ, ಥರ್ಮೋಸ್ಟಾಟ್ ಕವಚ ಮುಂತಾದ ಪ್ಲಾಸ್ಟಿಕ್ ಭಾಗಗಳು ಬಿರುಕುಬಿಡುತ್ತವೆ. ಒಂದು ತೊಟ್ಟಿ ಒಡೆದುದನ್ನು ಗಮನಿಸದೆ ಓಡಿಸಿದರೆ ಸಿಲಿಂಡರ್ ಹೆಡ್ಡೇ ಬಾಗುತ್ತದೆ. ಸಣ್ಣ ಭಾಗದ ಅಲಕ್ಷ್ಯ ದೊಡ್ಡ ಭಾಗವನ್ನು ಬಲಿ ತೆಗೆದುಕೊಳ್ಳುವುದೆಂದರೆ ಇದೇ. ಆದುದರಿಂದ ಇಂತಹ ಭಾಗಗಳು ಕೆಡುವವರೆಗೆ ಕಾಯದೆ, ವಯಸ್ಸನ್ನು ನೋಡಿ ಮೊದಲೇ ಬದಲಿಸುವುದು ಮಿತವ್ಯಯದ ಮಾರ್ಗ.

ಪೆಟ್ರೋಲ್ ಕಾರುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. 2025ರ ವೇಳೆಗೆ ನಮ್ಮ ದೇಶದ ಬಂಕುಗಳಲ್ಲಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ವ್ಯಾಪಕವಾಯಿತು. ಜರ್ಮನಿಯಲ್ಲಿ 2011ರಲ್ಲಿ ಶೇ. 10 ಮಿಶ್ರಣವನ್ನು ಜಾರಿಗೆ ತಂದಾಗ, ಯಾವ ಮಾದರಿಗೆ ಅದು ಹೊಂದುತ್ತದೆ, ಯಾವುದಕ್ಕೆ ಹೊಂದದು ಎಂಬ ಪಟ್ಟಿಯನ್ನು ತಯಾರಕರು ಪ್ರಕಟಿಸಿದ್ದರು. ಕಡಿಮೆ ಎಥೆನಾಲಿನ ಪೆಟ್ರೋಲನ್ನೂ ಬಂಕುಗಳಲ್ಲಿ ಉಳಿಸಿಕೊಳ್ಳಲಾಯಿತು. ಹಳೆಯ ರಬ್ಬರ್ ಕೊಳವೆ ಹಾಗೂ ಸೀಲುಗಳು ಎಥೆನಾಲಿನಿಂದ ಬೇಗ ಕೆಡುವ ಸಂಭವವಿರುವುದರಿಂದ, ಹಳೆಯ ಪೆಟ್ರೋಲ್ ಕಾರಿನ ಒಡೆಯರು ಅವುಗಳನ್ನು ಎಥೆನಾಲ್ ತಾಳಬಲ್ಲ ಕೊಳವೆಗಳಿಂದ ಬದಲಿಸುವುದು ಮತ್ತು ಕಾರನ್ನು ತಿಂಗಳುಗಟ್ಟಲೆ ತುಂಬಿದ ಟ್ಯಾಂಕಿನೊಂದಿಗೆ ನಿಲ್ಲಿಸದಿರುವುದು ಒಳಿತು.

ಜರ್ಮನಿಯಲ್ಲಿ ಹಳೆಯ ಕಾರು ಬಾಳುವುದು ಹೇಗೆ?

ಜರ್ಮನ್ ಕಾರಿನ ದೀರ್ಘಾಯುಷ್ಯಕ್ಕೆ ಅದರ ತಯಾರಿಕೆಯೊಂದೇ ಕಾರಣವಲ್ಲ. ಅಲ್ಲಿನ ನಿರ್ವಹಣಾ ಶಿಸ್ತೂ ಕಾರಣ. ಅಲ್ಲಿ ಹೊಸ ಖಾಸಗಿ ಕಾರನ್ನು ಮೂರನೆಯ ವರ್ಷದ ಕೊನೆಗೆ, ಅನಂತರ ಎರಡು ವರ್ಷಗಳಿಗೊಮ್ಮೆ ಕಡ್ಡಾಯ ತಪಾಸಣೆಗೆ ಒಳಪಡಿಸಬೇಕು. ಟಿ.ಯು.ವಿ., ಡೆಕ್ರಾ ಮುಂತಾದ ಮಾನ್ಯತೆ ಪಡೆದ ಸಂಸ್ಥೆಗಳು ಬ್ರೇಕ್, ಸ್ಟಿಯರಿಂಗ್, ತುಕ್ಕು, ದೀಪ, ಹೊಗೆ ಎಲ್ಲವನ್ನೂ ಪರೀಕ್ಷಿಸುತ್ತವೆ. ತಪಾಸಣೆಯಲ್ಲಿ ಅನುತ್ತೀರ್ಣವಾದ ಕಾರು ದೋಷ ಸರಿಪಡಿಸಿಕೊಂಡು ಮರುಪರೀಕ್ಷೆಗೆ ಬರಬೇಕು. ದುರಸ್ತಿಯನ್ನು ಮುಂದೂಡುತ್ತ ಹೋಗಲು ಅಲ್ಲಿ ಅವಕಾಶ ಕಡಿಮೆ. ಕಿಲೋಮೀಟರ್ ಮೀಟರನ್ನು ತಿರುಚುವುದು 2005ರಿಂದ ಅಲ್ಲಿ ದಂಡನೀಯ ಅಪರಾಧ.

ಮೂವತ್ತು ವರ್ಷ ದಾಟಿ, ಮೂಲ ಸ್ವರೂಪದಲ್ಲಿ ಸುಸ್ಥಿತಿಯಲ್ಲಿರುವ ವಾಹನಗಳಿಗೆ 1997ರಿಂದ 'ಎಚ್' ಅಕ್ಷರದ ವಿಶೇಷ ನೋಂದಣಿ ಫಲಕ ನೀಡಲಾಗುತ್ತಿದೆ. ಎಂಜಿನ್ ಎಷ್ಟೇ ದೊಡ್ಡದಿರಲಿ, ಅಂತಹ ಕಾರಿಗೆ ವರ್ಷಕ್ಕೆ ಸುಮಾರು 192 ಯೂರೋಗಳ ಒಂದೇ ತೆರಿಗೆ. ಈ ನೀತಿಯ ಪರಿಣಾಮವಾಗಿ ಹಳೆಯ ಕಾರುಗಳ ಬಿಡಿಭಾಗಗಳಿಗೆ ನಿರಂತರ ಬೇಡಿಕೆ ಉಳಿದಿದೆ. ಮರ್ಸಿಡಿಸ್ 1993ರಲ್ಲಿಯೇ ಸ್ಟುಟ್‌ಗಾರ್ಟ್ ಬಳಿಯ ಫೆಲ್‌ಬಾಖ್‌ನಲ್ಲಿ ಹಳೆಯ ಕಾರುಗಳಿಗಾಗಿ ಪ್ರತ್ಯೇಕ ಕೇಂದ್ರವನ್ನು ತೆರೆಯಿತು. ಬಿ.ಎಂ.ಡಬ್ಲ್ಯು., ಫೋಕ್ಸ್‌ವ್ಯಾಗನ್, ಪೋರ್ಷೆ ಕಂಪನಿಗಳೂ ಇಂತಹ ವಿಭಾಗಗಳನ್ನು ನಡೆಸುತ್ತಿವೆ. ಹಳೆಯ ಸರಕಿನ ಪೋಷಣೆಯೂ ಒಂದು ವ್ಯಾಪಾರವೇ ಎಂಬುದನ್ನು ಅವು ಕಂಡುಕೊಂಡಿವೆ.

ಇದಕ್ಕೆ ವ್ಯತಿರಿಕ್ತ ಉದಾಹರಣೆಯೂ ನಮ್ಮಲ್ಲೇ ಇದೆ. ಜನರಲ್ ಮೋಟಾರ್ಸ್ 1996ರಲ್ಲಿ ಜರ್ಮನ್ ಮೂಲದ ಓಪೆಲ್ ಆಸ್ಟ್ರಾ ಕಾರನ್ನು ಭಾರತಕ್ಕೆ ತಂದಿತು. 2006ರಲ್ಲಿ ಓಪೆಲ್ ಹೆಸರು ಇಲ್ಲಿಂದ ನಿರ್ಗಮಿಸಿತು. 2017ರಲ್ಲಿ ಜನರಲ್ ಮೋಟಾರ್ಸ್ ಸಹ ದೇಶೀಯ ಮಾರಾಟವನ್ನು ನಿಲ್ಲಿಸಿತು. ಕಾರು ಚೆನ್ನಾಗಿದ್ದರೆ ಸಾಲದು, ಅದರ ಹಿಂದೆ ಬಿಡಿಭಾಗಗಳ ಸರಬರಾಜು ಉಳಿಯುವುದೇ ಎಂಬುದನ್ನೂ ನೋಡಬೇಕೆಂಬುದಕ್ಕೆ ಇದು ಪಾಠ.

ಆಧುನಿಕ ಕಾರು: ಎಣ್ಣೆಯ ಡಬ್ಬಿಯ ಮೇಲಿನ ಸಂಖ್ಯೆ

ವಾಹನ ತಂತ್ರಜ್ಞಾನದ ಅನೇಕ ಹೊಸತುಗಳು ಜರ್ಮನ್ ಕಾರುಗಳಲ್ಲಿ ಬೇಗನೆ ಕಾಣಿಸಿಕೊಂಡಿವೆ. ಚಕ್ರ ಜಾಮ್ ಆಗದಂತೆ ತಡೆಯುವ ಎ.ಬಿ.ಎಸ್. 1978ರಲ್ಲಿ, ಅಡ್ಡಜಾರುವಿಕೆ ತಡೆಯುವ ಇ.ಎಸ್.ಪಿ. 1995ರಲ್ಲಿ, ಕಾಮನ್ ರೈಲ್ ಡೀಸೆಲ್ 1997ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಬಂದವು. ಇವೆಲ್ಲ ಸುರಕ್ಷತೆ ಹಾಗೂ ಕ್ಷಮತೆಯನ್ನು ಹೆಚ್ಚಿಸಿದವು. ಜೊತೆಗೆ ದುರಸ್ತಿಯ ಸ್ವರೂಪವನ್ನೇ ಬದಲಿಸಿದವು. ಹಳೆಯ ಕಾರಿನಲ್ಲಿ ಕಿವಿಗೊಟ್ಟು ಕೇಳಿ ದೋಷ ಹೇಳುತ್ತಿದ್ದ ಮೆಕ್ಯಾನಿಕ್ಕಿಗೆ ಈಗ ಹತ್ತಾರು ನಿಯಂತ್ರಣ ಘಟಕಗಳೊಡನೆ ಮಾತನಾಡುವ ಗಣಕಯಂತ್ರ ಬೇಕು.

ಆಧುನಿಕ ಜರ್ಮನ್ ಕಾರಿನ ಪೋಷಣೆಯಲ್ಲಿ ಕೆಳಕಂಡ ಅಂಶಗಳು ಮುಖ್ಯ:

1. ಎಂಜಿನ್ ಆಯಿಲ್: ಡಬ್ಬಿಯ ಮೇಲಿನ 5ಡಬ್ಲ್ಯು-30 ಎಂಬುದು ಎಣ್ಣೆಯ ಸ್ನಿಗ್ಧತೆಯನ್ನಷ್ಟೇ ತಿಳಿಸುತ್ತದೆ. ನೋಡಬೇಕಾದುದು ತಯಾರಕರ ಅನುಮೋದನೆಯ ಸಂಖ್ಯೆ - ಮರ್ಸಿಡಿಸ್‌ಗೆ ಎಂ.ಬಿ. 229.5ರಂತಹುದು, ಬಿ.ಎಂ.ಡಬ್ಲ್ಯು.ಗೆ ಲಾಂಗ್‌ಲೈಫ್-04ರಂತಹುದು, ಫೋಕ್ಸ್‌ವ್ಯಾಗನ್ ಸಮೂಹಕ್ಕೆ 504 00/507 00ರಂತಹುದು. ನಿಮ್ಮ ಎಂಜಿನಿಗೆ ಯಾವುದೆಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಹೊಗೆಸೋಸುಕ ಇರುವ ಡೀಸೆಲ್ ಕಾರಿಗೆ ತಪ್ಪು ಎಣ್ಣೆ ಹಾಕಿದರೆ ಅದರ ಬೂದಿ ಸೋಸುಕದಲ್ಲಿ ಕಟ್ಟಿಕೊಳ್ಳುತ್ತದೆ. ನಮ್ಮ ಧೂಳು, ಸೆಕೆ ಹಾಗೂ ನಗರದ ಜಾಮ್‌ಗಳಲ್ಲಿ ಗರಿಷ್ಠ ಅವಧಿಯವರೆಗೆ ಕಾಯದೆ ಮೊದಲೇ ಎಣ್ಣೆ ಬದಲಿಸುವುದು ವಿವೇಕ.

2. ಗೇರ್ ಬಾಕ್ಸ್ ಎಣ್ಣೆ: 'ಜೀವಮಾನಕ್ಕೆ ಸಾಕು' ಎಂಬ ಮಾತನ್ನು ಅಕ್ಷರಶಃ ಸ್ವೀಕರಿಸಬೇಕಾಗಿಲ್ಲ. ಅನೇಕ ಜರ್ಮನ್ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಪೂರೈಸುವ ಝಡ್.ಎಫ್. ಕಂಪನಿಯೇ 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷಗಳೊಳಗೆ ಎಣ್ಣೆ ಬದಲಿಸಲು ಸಲಹೆ ನೀಡಿದೆ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್‌ಗಳುಳ್ಳ ಫೋಕ್ಸ್‌ವ್ಯಾಗನ್ ಸಮೂಹದ ಆರು ವೇಗದ ಡಿ.ಎಸ್.ಜಿ. ಗೇರ್ ಬಾಕ್ಸಿಗೆ 60,000 ಕಿ.ಮೀ.ಗೊಮ್ಮೆ ಎಣ್ಣೆ ಬದಲಾವಣೆ ನಿಗದಿಯಾಗಿದೆ.

3. ಡೀಸೆಲ್ ಹೊಗೆಸೋಸುಕ: ಇದು ತನ್ನಲ್ಲಿ ಕಟ್ಟಿದ ಮಸಿಯನ್ನು ಸುಟ್ಟುಕೊಳ್ಳಲು ದೀರ್ಘ ಪಯಣದ ಶಾಖ ಬೇಕು. ಮನೆಯಿಂದ ಅಂಗಡಿಗೆ ಮೂರು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಆಧುನಿಕ ಡೀಸೆಲ್ ಕಾರು ತಕ್ಕುದಲ್ಲ. ಅವರಿಗೆ ಪೆಟ್ರೋಲ್ ಕಾರೇ ಲೇಸು.

4. ಟೈಮಿಂಗ್ ಚೈನ್: 2007ರಿಂದ 2011ರ ಅವಧಿಯ ಬಿ.ಎಂ.ಡಬ್ಲ್ಯು. ಎನ್ 47 ಡೀಸೆಲ್ ಎಂಜಿನಿನಲ್ಲಿ ಚೈನ್ ಎಂಜಿನಿನ ಹಿಂಬದಿಯಲ್ಲಿ, ಗೇರ್ ಬಾಕ್ಸಿನ ಕಡೆಗಿದೆ. ಚೈನ್ ಸವೆದು ಸದ್ದು ಮಾಡತೊಡಗಿದರೆ ಬದಲಿಸಲು ದೊಡ್ಡ ಬಿಚ್ಚುವಿಕೆಯೇ ಬೇಕಾಗುತ್ತದೆ. ಇಂತಹ ಕಾರನ್ನು ಕೊಳ್ಳುವ ಮುನ್ನ ಚೈನ್ ಬದಲಾಗಿದೆಯೇ ಎಂಬ ಬಿಲ್ಲನ್ನು ಕೇಳಿ ಪಡೆಯಬೇಕು.

5. ಬ್ಯಾಟರಿ ಹಾಗೂ ಗಾಳಿ ಸಸ್ಪೆನ್ಷನ್: ಅನೇಕ ಬಿ.ಎಂ.ಡಬ್ಲ್ಯು. ಕಾರುಗಳಲ್ಲಿ ಹೊಸ ಬ್ಯಾಟರಿ ಕೂರಿಸಿದರೆ ಸಾಲದು, ಅದನ್ನು ಕಾರಿನ ಗಣಕದಲ್ಲಿ ದಾಖಲಿಸಬೇಕು. ಇಲ್ಲವಾದರೆ ಚಾರ್ಜಿಂಗ್ ಹಳೆಯ ಬ್ಯಾಟರಿಯ ಲೆಕ್ಕದಲ್ಲೇ ನಡೆದು ಹೊಸದೂ ಬೇಗ ಕೆಡುತ್ತದೆ. ಸ್ಪ್ರಿಂಗಿನ ಬದಲು ಗಾಳಿಚೀಲವಿರುವ ಕಾರುಗಳಲ್ಲಿ ಚೀಲದ ರಬ್ಬರು ಸೋರತೊಡಗಿದರೆ ಕಂಪ್ರೆಸರ್ ಎಡೆಬಿಡದೆ ಓಡಿ ಸುಟ್ಟುಹೋಗುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಒಂದು ಮೂಲೆಗೆ ಕುಸಿದಿದ್ದರೆ ತಡಮಾಡಬಾರದು.

ಬಿಡಿಭಾಗಗಳ ಮಾರುಕಟ್ಟೆ: ಅರಿತವನಿಗೆ ಉಳಿತಾಯ

ಕಾರು ಕಂಪನಿ ತನ್ನ ಹೆಸರಿನಲ್ಲಿ ಮಾರುವ ಬಿಡಿಭಾಗಗಳಲ್ಲಿ ಬಹುಪಾಲನ್ನು ಅದು ತಾನೇ ತಯಾರಿಸುವುದಿಲ್ಲ. ವಿದ್ಯುತ್ ಹಾಗೂ ಇಂಧನ ಭಾಗಗಳನ್ನು ಬಾಷ್, ಪಿಸ್ಟನ್ ಮತ್ತು ಶೀತಕ ಭಾಗಗಳನ್ನು ಮಾಲೆ, ಸಸ್ಪೆನ್ಷನ್ ಭಾಗಗಳನ್ನು ಲೆಮ್‌ಫರ್ಡರ್, ಕ್ಲಚ್ ಮತ್ತು ಶಾಕ್ ಅಬ್ಸಾರ್ಬರುಗಳನ್ನು ಸ್ಯಾಕ್ಸ್, ದೀಪಗಳನ್ನು ಹೆಲ್ಲಾ, ಫಿಲ್ಟರುಗಳನ್ನು ಮಾನ್ ಮುಂತಾದ ಸಂಸ್ಥೆಗಳು ಒದಗಿಸುತ್ತವೆ. ಅದೇ ತಯಾರಕರ ಭಾಗವನ್ನು ಅವರದೇ ಡಬ್ಬಿಯಲ್ಲಿ ಕೊಂಡರೆ ಸಾಮಾನ್ಯವಾಗಿ ಗುಣ ಕಡಿಮೆಯಾಗದೆ ಬೆಲೆ ಕಡಿಮೆಯಾಗುತ್ತದೆ. ಹದಿನೇಳು ಅಕ್ಷರಗಳ ಷಾಸಿ ನಂಬರನ್ನು ನೀಡಿ ಭಾಗದ ಸರಿಯಾದ ಸಂಖ್ಯೆಯನ್ನು ತಿಳಿದುಕೊಂಡೇ ಆರ್ಡರ್ ಮಾಡಬೇಕು. ಒಂದೇ ಮಾದರಿಯ ಕಾರಿನಲ್ಲಿಯೂ ತಯಾರಾದ ತಿಂಗಳಿಗೆ ತಕ್ಕಂತೆ ಭಾಗಗಳು ಬದಲಾಗಿರುತ್ತವೆ. ನಕಲಿ ಸರಕಿನ ಹಾವಳಿಯೂ ಇರುವುದರಿಂದ ಬಿಲ್ ಇಲ್ಲದೆ ಏನನ್ನೂ ಕೊಳ್ಳಬಾರದು.

ಸ್ವತಂತ್ರ ಗ್ಯಾರೇಜುಗಳ ಹಕ್ಕಿನ ಪ್ರಶ್ನೆಯೂ ಇಲ್ಲಿ ಮಹತ್ವದ್ದು. ಯೂರೋಪಿಯನ್ ಒಕ್ಕೂಟ 2002ರ ನಿಯಮಾವಳಿಯ ಮೂಲಕ ಕಾರು ಕಂಪನಿಗಳ ಹಿಡಿತವನ್ನು ಸಡಿಲಿಸಿ, ಸ್ವತಂತ್ರ ಗ್ಯಾರೇಜುಗಳಿಗೆ ತಾಂತ್ರಿಕ ಮಾಹಿತಿ ದೊರೆಯುವಂತೆ ಮಾಡಿತು. 2010ರಲ್ಲಿ ಅದನ್ನು ನವೀಕರಿಸಿತು. ತಯಾರಕರ ಸೂಚನೆಯಂತೆ ಹೊರಗಿನ ಗ್ಯಾರೇಜಿನಲ್ಲಿ ಸರ್ವೀಸ್ ಮಾಡಿಸಿದ ಮಾತ್ರಕ್ಕೆ ಅಲ್ಲಿ ವಾರಂಟಿ ರದ್ದಾಗದು. ನಮ್ಮಲ್ಲಿಯೂ ಭಾರತೀಯ ಸ್ಪರ್ಧಾ ಆಯೋಗವು 2014ರಲ್ಲಿ 14 ಕಾರು ಕಂಪನಿಗಳ ವಿರುದ್ಧ ಆದೇಶ ಹೊರಡಿಸಿ, ಬಿಡಿಭಾಗಗಳು ಹಾಗೂ ತಾಂತ್ರಿಕ ಮಾಹಿತಿ ಮುಕ್ತ ಮಾರುಕಟ್ಟೆಯಲ್ಲಿ ದೊರೆಯಬೇಕೆಂದು ಹೇಳಿತು. ಕಂಪನಿಗಳು ಅದನ್ನು ಕಾನೂನಿನ ಮೂಲಕ ಪ್ರಶ್ನಿಸಿದವಾದರೂ, ಬಿಡಿಭಾಗಗಳ ವ್ಯಾಪಾರದಲ್ಲಿರುವ ಸದಸ್ಯರು ಈ ಬೆಳವಣಿಗೆಯನ್ನು ಗಮನದಲ್ಲಿಡಬೇಕು.

ನಮ್ಮ ಸಣ್ಣ ಕೈಗಾರಿಕೆಗಳಿಗೂ ಇಲ್ಲಿ ಕೆಲಸವಿದೆ. ತಯಾರಿಕೆ ನಿಂತುಹೋದ ಗ್ಯಾಸ್ಕೆಟ್, ಪಾಲಿಯುರಿಥೇನ್ ಬುಷ್, ನೈಲಾನ್ ಕ್ಲಿಪ್, ಲೇತಿನಲ್ಲಿ ತಿರುವಬಹುದಾದ ಸ್ಪೇಸರ್, ಬ್ರಾಕೆಟ್‌ಗಳನ್ನು ಮಾದರಿ ನೋಡಿ ತಯಾರಿಸುವ ಸಾಮರ್ಥ್ಯ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಘಟಕಗಳಿಗೆ ಇದ್ದೇ ಇದೆ. ಆದರೆ ಬ್ರೇಕ್, ಸ್ಟಿಯರಿಂಗ್, ಏರ್‌ಬ್ಯಾಗ್ ಭಾಗಗಳಲ್ಲಿ ಇಂತಹ ಪ್ರಯೋಗ ಸಲ್ಲದು. ಅಲ್ಲಿ ಜೀವದ ಪ್ರಶ್ನೆ ಇದೆ.

ಕಿಲೋಮೀಟರಿಗೊಂದು ಮೀಸಲು

ಯಂತ್ರಕ್ಕೆ ನಿರ್ವಹಣಾ ಮೀಸಲು ಇಡುವ ಉದ್ಯಮಿಗಳು ಕಾರಿಗೆ ಅದೇ ಕ್ರಮವನ್ನು ಅನುಸರಿಸದಿರುವುದು ಆಶ್ಚರ್ಯ. ಉದಾಹರಣೆಗಾಗಿ ಹೀಗೆಂದು ಭಾವಿಸೋಣ: ನಾಲ್ಕು ಟೈರಿಗೆ 80,000 ರೂ., ಬಾಳಿಕೆ 40,000 ಕಿ.ಮೀ. - ಕಿ.ಮೀ.ಗೆ 2 ರೂ. ಬ್ರೇಕ್ ಪ್ಯಾಡ್ ಮತ್ತು ಡಿಸ್ಕಿಗೆ 60,000 ರೂ., ಬಾಳಿಕೆ 60,000 ಕಿ.ಮೀ. - 1 ರೂ. ಗೇರ್ ಬಾಕ್ಸ್ ಎಣ್ಣೆ ಮತ್ತು ಫಿಲ್ಟರಿಗೆ 30,000 ರೂ., 60,000 ಕಿ.ಮೀ.ಗೊಮ್ಮೆ - 50 ಪೈಸೆ. ಸಸ್ಪೆನ್ಷನ್ ಬುಷ್, ಆರ್ಮ್‌ಗಳಿಗೆ 75,000 ರೂ., ಒಂದು ಲಕ್ಷ ಕಿ.ಮೀ.ಗೆ - 75 ಪೈಸೆ. ಒಟ್ಟು ಕಿ.ಮೀ.ಗೆ 4 ರೂ. 25 ಪೈಸೆ. ವರ್ಷಕ್ಕೆ 10,000 ಕಿ.ಮೀ. ಓಡಿದರೆ 42,500 ರೂ. ಈ ಮೊತ್ತ ಇಂಧನ, ವಿಮೆ, ವಾರ್ಷಿಕ ಸರ್ವೀಸ್ ಮತ್ತು ಅನಿರೀಕ್ಷಿತ ದುರಸ್ತಿಗಳಿಂದ ಹೊರತಾದುದು. ತಮ್ಮ ಕಾರಿನ ನೈಜ ದರಗಳನ್ನು ಗ್ಯಾರೇಜಿನಿಂದ ಪಡೆದು ಇದೇ ರೀತಿ ಪಟ್ಟಿ ಮಾಡಿಕೊಂಡರೆ, ಆ ಕಾರನ್ನು ಸಾಕಬಲ್ಲೆವೇ ಎಂಬುದು ಕೊಳ್ಳುವ ಮೊದಲೇ ಸ್ಪಷ್ಟವಾಗುತ್ತದೆ. ಖರೀದಿ ಬೆಲೆಯ ಐದನೆಯ ಒಂದು ಭಾಗವನ್ನು ಮೊದಲ ವರ್ಷದ ದುರಸ್ತಿಗೆಂದು ಬೇರೆಯಾಗಿ ತೆಗೆದಿಡಲಾಗದವರು ಆ ಕಾರಿನ ಆಸೆಯನ್ನು ಬಿಡುವುದೇ ಕ್ಷೇಮ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಇಲ್ಲಿ ನೂರಕ್ಕೆ ನೂರು ಸತ್ಯ.

ತೆರಿಗೆ ಹಾಗೂ ನೋಂದಣಿ

ಸಂಸ್ಥೆಯ ಹೆಸರಿನಲ್ಲಿ ಕಾರು ಕೊಂಡರೆ ಜಿ.ಎಸ್.ಟಿ. ಮರಳಿ ಸಿಗುತ್ತದೆಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನಗಳ ಖರೀದಿ, ವಿಮೆ ಹಾಗೂ ದುರಸ್ತಿಗೆ ಪಾವತಿಸಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಾಮಾನ್ಯ ವ್ಯಾಪಾರಿಗೆ ದೊರೆಯುವುದಿಲ್ಲ. ವ್ಯವಹಾರಕ್ಕೆ ಬಳಸಿದ ಕಾರಿನ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿ ಪಡೆದಿದ್ದರೆ, ನೋಂದಾಯಿತ ವ್ಯಾಪಾರಿ ಅದನ್ನು ಮಾರುವಾಗ ಮಾರಾಟ ಬೆಲೆಯು ಸವಕಳಿ ಕಳೆದ ಬೆಲೆಗಿಂತ ಹೆಚ್ಚಿದ್ದಲ್ಲಿ ಆ ಹೆಚ್ಚಳದ ಮೇಲೆ ಜಿ.ಎಸ್.ಟಿ. ತೆರಬೇಕು; 2025ರ ಜನವರಿಯಲ್ಲಿ ಈ ದರವನ್ನು ಶೇ. 18ಕ್ಕೆ ಏಕರೂಪಗೊಳಿಸಲಾಯಿತು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ತೆರಿಗೆಯು ಶೇ. 28ರಿಂದ ಶೇ. 18ಕ್ಕೆ ಇಳಿದದ್ದು ಹಳೆಯ ಕಾರಿನ ಒಡೆಯರಿಗೆ ಸಮಾಧಾನದ ಸಂಗತಿ.

ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 2022ರ ಏಪ್ರಿಲಿನಿಂದ 5,000 ರೂ.ಗೆ, ಆಮದು ಕಾರಿಗೆ 40,000 ರೂ.ಗೆ ಏರಿಸಲಾಯಿತು. ಇಪ್ಪತ್ತು ವರ್ಷ ದಾಟಿದವುಗಳಿಗೆ 2025ರಲ್ಲಿ ಇದು ಇಮ್ಮಡಿಯಾಯಿತು. ಐವತ್ತು ವರ್ಷ ಮೀರಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳಿಗೆ 2021ರ ನಿಯಮಗಳ ಪ್ರಕಾರ ವಿಂಟೇಜ್ ನೋಂದಣಿಗೆ ಅವಕಾಶವಿದೆ.

ದೆಹಲಿಯ ಡೀಸೆಲ್ ಕಾರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ರಾಜಧಾನಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ವಿಧಿಸಿದ ನಂತರ, ಅಲ್ಲಿನ ದುಬಾರಿ ಕಾರುಗಳು ಅಗ್ಗದ ಬೆಲೆಗೆ ದಕ್ಷಿಣದತ್ತ ಹರಿದುಬಂದಿವೆ. ಇಂತಹ ಕಾರಿಗೆ ಅಲ್ಲಿನ ನಿರಾಕ್ಷೇಪಣಾ ಪತ್ರ ಅಗತ್ಯ. ಕರ್ನಾಟಕದಲ್ಲಿ ಮೂಲ ಬೆಲೆ ಹಾಗೂ ವಯಸ್ಸನ್ನು ಆಧರಿಸಿ ಜೀವಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕು. ಈ ತೆರಿಗೆಯನ್ನು ಸೇರಿಸಿ ನೋಡಿದರೆ ಅಗ್ಗದ ಕಾರು ಅಗ್ಗವಾಗಿ ಉಳಿಯದಿರಬಹುದು. ಮುಂಗಡ ಕೊಡುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ಮೊತ್ತವನ್ನು ಖಚಿತಪಡಿಸಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು.

ಕೊಳ್ಳುವ ಮುನ್ನ

ಸರ್ವೀಸ್ ಪುಸ್ತಕ ಹಾಗೂ ಬಿಲ್ಲುಗಳು ಅನುಕ್ರಮವಾಗಿವೆಯೇ, ಎರಡೂ ಬೀಗದ ಕೈಗಳಿವೆಯೇ, ಆರ್.ಸಿ.ಯಲ್ಲಿ ಸಾಲದ ನಮೂದು ತೆರವಾಗಿದೆಯೇ ಎಂಬುದನ್ನು ನೋಡಬೇಕು. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಚಾಲೂ ಮಾಡಿಸಿ ಸದ್ದು ಕೇಳಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಅನೇಕ ದೋಷಗಳನ್ನು ಮರೆಮಾಚುತ್ತದೆ. ಆ ಕಂಪನಿಯ ಕಾರುಗಳಿಗೇ ಮೀಸಲಾದ ಪರೀಕ್ಷಾ ಉಪಕರಣದಿಂದ ಎಲ್ಲ ಘಟಕಗಳನ್ನೂ ಓದಿಸಬೇಕು. ಅನೇಕ ಕಾರುಗಳಲ್ಲಿ ಓಡಿದ ದೂರವು ಮೀಟರಿನಲ್ಲಿ ಮಾತ್ರವಲ್ಲದೆ ಇತರ ಘಟಕಗಳಲ್ಲಿಯೂ ದಾಖಲಾಗಿರುವುದರಿಂದ, ಮೀಟರ್ ತಿರುಚಿದ್ದರೆ ಇಲ್ಲಿ ಬಯಲಾಗುತ್ತದೆ. ಟೈರಿನ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆ ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ. ಎಲ್ಲಕ್ಕೂ ಮಿಗಿಲಾಗಿ, ತಮ್ಮ ಊರಿನಲ್ಲಿ ಅಥವಾ ಸಮೀಪದ ನಗರದಲ್ಲಿ ಆ ಕಾರನ್ನು ಬಲ್ಲ ಒಬ್ಬ ಮೆಕ್ಯಾನಿಕ್ ಇದ್ದಾನೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಕಾರನ್ನು ಆರಿಸುವ ಮೊದಲು ಗ್ಯಾರೇಜನ್ನು ಆರಿಸಿಕೊಳ್ಳುವುದು ಸರಿಯಾದ ಕ್ರಮ.

ಹಳೆಯ ಕಾರು ಬೇಡುವುದು ಸಮಯವನ್ನು. ಹೊಸ ಕಾರು ಬೇಡುವುದು ಸರಿಯಾದ ಉಪಕರಣವನ್ನು ಹಾಗೂ ಸರಿಯಾದ ಎಣ್ಣೆಯನ್ನು. ಇವೆರಡೂ ಬೇಡುವ ಸಾಮಾನ್ಯ ಗುಣವೆಂದರೆ ದುರಸ್ತಿಯನ್ನು ನಾಳೆಗೆ ತಳ್ಳದಿರುವ ಶಿಸ್ತು. ತಮ್ಮ ಕಾರ್ಖಾನೆಯ ಯಂತ್ರಗಳನ್ನು ಈ ಶಿಸ್ತಿನಿಂದ ನೋಡಿಕೊಳ್ಳುತ್ತಿರುವ ಉದ್ಯಮಿಗಳಿಗೆ ಜರ್ಮನ್ ಕಾರು ಕಷ್ಟದ ಸ್ವತ್ತಲ್ಲ. ಬೆಲೆಯ ಚೀಟಿಯ ಜೊತೆಗೆ ಪೋಷಣೆಯ ಲೆಕ್ಕವನ್ನೂ ಮುಂದಿಟ್ಟುಕೊಂಡು ಸದಸ್ಯರು ನಿರ್ಧಾರ ಕೈಗೊಳ್ಳುವುದು ಶ್ರೇಯಸ್ಕರ.